ಸೋಮವಾರದ ಸಿನಿಮಾ, ಅರವತ್ತು ವರ್ಷದ ಪುಸ್ತಕ

ಕೋಲ್ಕತ್ತಾದಲ್ಲಿರುವ ನಾವು ಕೆಲವು ಕನ್ನಡಿಗರು ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ, ಬೆಂಗಳೂರಿಂದ ಬರುವವರು ಯಾರಾದರೂ ಒಂದು ಕೇಜಿ ಕಾಫಿಪುಡಿ ತರುತ್ತೀರಾ ಎಂಬಂಥ ಮಾತುಗಳೇ ಅಲ್ಲಿ ಹೆಚ್ಚು. ಶುಕ್ರವಾರ ಊರಿನಲ್ಲಿ ದೊಡ್ಡ ಸಿನಿಮಾ ಬಿಡುಗಡೆಯಾದರೆ ಮಾತ್ರ ಗುಂಪಿನ ಬಣ್ಣ ಬದಲಾಗುತ್ತದೆ. ಇಲ್ಲಿನ ಥಿಯೇಟರ್‌ಗಳಿಗೆ ಕನ್ನಡ ಸಿನಿಮಾ ಬರುವುದೇ ಅಪರೂಪ, ಬಂದರೂ ಒಂದೆರಡು ಶೋ. ಭಾನುವಾರ ಸಂಜೆ ಹೊತ್ತಿಗೆ ಯಾರೋ ಒಬ್ಬರು ಟೆಲಿಗ್ರಾಂ ಲಿಂಕ್ ಹಾಕುತ್ತಾರೆ. ನಾಲ್ಕು ಜನ ಹೆಬ್ಬೆರಳು ಎತ್ತುತ್ತಾರೆ, ಒಬ್ಬ ಹಿರಿಯರು "ಇದು ಕಳ್ಳತನ ಕಣ್ರಪ್ಪಾ" ಎಂದು ಬರೆಯುತ್ತಾರೆ, ಆಮೇಲೆ ರಾತ್ರಿ ಹನ್ನೊಂದರವರೆಗೆ ಚರ್ಚೆ. ಸೆಕ್ಟರ್ ಫೈವ್‌ನಲ್ಲಿ ನೆಟ್‌ವರ್ಕ್ ಕೆಲಸ ಮಾಡುವವನು ಎಂಬ ಕಾರಣಕ್ಕೆ ಕೊನೆಯ ಪ್ರಶ್ನೆ ಯಾವಾಗಲೂ ನನಗೆ ಬರುತ್ತದೆ: "ಲಿಂಕ್ ಹಾಕಿದರೆ ಹಿಡಿದು ಒಳಗೆ ಹಾಕುವ ಕಾನೂನು ಬಂದಿದೆಯಂತೆ, ಹೌದಾ?"

ಒಂದೇ ಸಾಲಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ, ಅದಕ್ಕೇ ಈ ಬರಹ.

2023ರಲ್ಲಿ ಸಿನೆಮಟೋಗ್ರಾಫ್ ಕಾಯ್ದೆಗೆ ಸಂಸತ್ತು ತಿದ್ದುಪಡಿ ತಂದಿತು. ನಕಲು ಮಾಡುವ ಉದ್ದೇಶದಿಂದ ಥಿಯೇಟರ್ ಒಳಗೆ ಕ್ಯಾಮೆರಾ ಹಿಡಿಯುವವರಿಗೆ, ಆ ನಕಲನ್ನು ಲಾಭಕ್ಕಾಗಿ ಜನರಿಗೆ ತೋರಿಸುವವರಿಗೆ 3 ತಿಂಗಳಿಂದ 3 ವರ್ಷದವರೆಗೆ ಜೈಲು. ದಂಡ ಕನಿಷ್ಠ 3 ಲಕ್ಷ ರೂಪಾಯಿ, ಚಿತ್ರದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇ. 5ರವರೆಗೂ ಹೋಗಬಹುದು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಸರ್ಕಾರ 12 ನೋಡಲ್ ಅಧಿಕಾರಿಗಳನ್ನು ನೇಮಿಸಿತು. ಹಕ್ಕುದಾರರು ದೂರು ಕೊಟ್ಟರೆ ಕೋರ್ಟಿಗೆ ಹೋಗುವ ಅಗತ್ಯವಿಲ್ಲದೆ 48 ಗಂಟೆಯೊಳಗೆ ಲಿಂಕ್ ತೆಗೆಸುವ ವ್ಯವಸ್ಥೆ ಅದು. ಮನೆಯಲ್ಲಿ ಕೂತು ನೋಡಿದವರನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ.

ಫಾರ್ವರ್ಡ್ ಮಾಡಿದವರ ವಿಷಯ ಬೇರೆ. ಅವರಿಗೆ 1957ರ ಹಳೆಯ ಕಾಪಿರೈಟ್ ಕಾಯ್ದೆಯೇ ಸಾಕು. ಅದರ 63ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ ಅಥವಾ ಅದಕ್ಕೆ ಕುಮ್ಮಕ್ಕು ಕೊಟ್ಟರೆ 6 ತಿಂಗಳಿಂದ 3 ವರ್ಷ. ಲಾಭಕ್ಕಲ್ಲದಿದ್ದರೆ ಶಿಕ್ಷೆ ಇಳಿಸುವ ಅವಕಾಶ ನ್ಯಾಯಾಧೀಶರಿಗೆ ಇದೆ. ಆದರೆ ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಹಾಗಾಗಿ ಗುಂಪಿನ ಹಿರಿಯರ ಮಾತು ಬರೀ ನೀತಿಪಾಠವಲ್ಲ.

ನಮ್ಮ ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ. ಜನರ ಬಾಯಲ್ಲಿ 'ಗೂಂಡಾ ಕಾಯ್ದೆ' ಎನಿಸಿಕೊಂಡ 1985ರ ಕಾನೂನಿಗೆ 2014ರಲ್ಲಿ ತಿದ್ದುಪಡಿ ತಂದು 'ಡಿಜಿಟಲ್ ಅಪರಾಧಿ' ಎಂಬ ಹೊಸ ವರ್ಗ ಸೇರಿಸಿದರು. ವ್ಯಾಪಾರದ ಉದ್ದೇಶಕ್ಕೆ ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರ್ ನಕಲು ಮಾಡುವವರು ಆಸಿಡ್ ಎರಚುವವರ ಜೊತೆ, ಭೂಗಳ್ಳರ ಜೊತೆ ಒಂದೇ ಪಟ್ಟಿಗೆ ಬಂದರು. ಇದು ಮುಂಜಾಗ್ರತಾ ಬಂಧನದ ಕಾನೂನು. ಅಂದರೆ ವಿಚಾರಣೆ ನಡೆದು ಅಪರಾಧ ಸಾಬೀತಾಗಬೇಕಿಲ್ಲ, ಮುಂದೆ ಮಾಡಬಹುದು ಎಂಬ ಕಾರಣಕ್ಕೇ ಒಂದು ವರ್ಷದವರೆಗೆ ಒಳಗಿಡಬಹುದು. ಕಾಳಸಂತೆಯ ಸಿಡಿ ಜಾಲ ಒಡೆಯಲು ಇಂಥ ಅಸ್ತ್ರ ಬೇಕು ಎಂದು ಗಾಂಧಿನಗರದವರು ವಾದಿಸಿದರೆ ಅರ್ಥವಾಗುತ್ತದೆ. ಆದರೆ ಪುಸ್ತಕ ಜೆರಾಕ್ಸ್ ಮಾಡಿ ಮಾರುವವನಿಗೂ ರೌಡಿಗೂ ಒಂದೇ ಕಾನೂನು ಅಂದರೆ, ಅದು ಕಾನೂನಿನ ಬಲಕ್ಕಿಂತ ಅದರ ಸೋಮಾರಿತನವನ್ನೇ ತೋರಿಸುತ್ತದೆ ಎಂದು ನನ್ನ ಅನಿಸಿಕೆ.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಸಿನಿಮಾ ಎಡಿಟರ್. ಫೋನ್‌ನಲ್ಲಿ ಈ ವಿಷಯ ಎತ್ತಿದರೆ ಅವನಿಗೆ ಸಿಟ್ಟು ಬರುತ್ತದೆ. "ಅಣ್ಣಾ, ನೀನು ಸಾಲ್ಟ್ ಲೇಕಲ್ಲಿ ಕೂತ್ಕೊಂಡು ಸ್ವಾತಂತ್ರ್ಯ ಗೀತಂತ್ರ್ಯ ಅಂತ ಮಾತಾಡ್ತೀಯ. ನಮ್ ಪ್ರೊಡ್ಯೂಸರ್ ಹತ್ರ ಇರೋದು ಶುಕ್ರವಾರದಿಂದ ಸೋಮವಾರ ಬೆಳಗ್ಗೆವರೆಗೆ. ಅಷ್ಟರೊಳಗೆ ದುಡ್ಡು ಬರ್ಲಿಲ್ಲ ಅಂದ್ರೆ ನನ್ನ ಪೇಮೆಂಟೂ ಇಲ್ಲ." ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ. ಪೈರಸಿಯಿಂದ ಚಿತ್ರೋದ್ಯಮಕ್ಕೆ ವರ್ಷಕ್ಕೆ 20,000 ಕೋಟಿ ರೂಪಾಯಿವರೆಗೆ ನಷ್ಟ ಎಂದು ಸರ್ಕಾರ ಹೇಳಿಕೊಂಡು ಬಂದಿದೆ. ಕದ್ದು ನೋಡಿದವರಲ್ಲಿ ಎಷ್ಟು ಜನ ನಿಜವಾಗಿ ಟಿಕೆಟ್ ಕೊಳ್ಳುತ್ತಿದ್ದರು ಎಂದು ಕೇಳಿದರೆ ಆ ಸಂಖ್ಯೆ ಕರಗೀತು. ತಮ್ಮನ ಪೇಮೆಂಟ್ ಮಾತ್ರ ಕರಗುವುದಿಲ್ಲ.

ಹಾಗಾದರೆ ನನ್ನ ತಕರಾರು ಏನು? ನಾನಿರುವ ಊರಿನದೇ ಒಂದು ಉದಾಹರಣೆ ಹೇಳುತ್ತೇನೆ.

ನನ್ನ ಮನೆಯಿಂದ ದಮ್‌ದಮ್ ದೂರವೇನಲ್ಲ. ನಾವೆಲ್ಲ ಎಚ್‌ಎಂವಿ ಎಂದು ಬಲ್ಲ ಗ್ರಾಮೊಫೋನ್ ಕಂಪನಿ, ಈಗಿನ ಸಾರೆಗಾಮ, ಅಲ್ಲಿಯದು. ಹಳೆಯ ಕನ್ನಡ ಚಿತ್ರಗೀತೆಗಳಲ್ಲಿ ಎಷ್ಟೋ ಹಾಡುಗಳ ಹಕ್ಕು ಅದರದ್ದೇ. ಅಮೆರಿಕದ ಸೋಪಾ ಎಂಬ ಪೈರಸಿ ಮಸೂದೆಯನ್ನು ವಿರೋಧಿಸಿ 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಒಂದು ದಿನ ಕಪ್ಪಾಗಿದ್ದು ನಿಮಗೂ ನೆನಪಿರಬಹುದು. ಜಗತ್ತೆಲ್ಲ ಆ ಗಲಾಟೆ ನೋಡುತ್ತಿದ್ದ ಅದೇ ತಿಂಗಳು, ಸಂಗೀತ ಕಂಪನಿಗಳ ಅರ್ಜಿಯ ಮೇಲೆ ಕಲ್ಕತ್ತಾ ಹೈಕೋರ್ಟ್ ಸಾಂಗ್ಸ್ ಡಾಟ್ ಪಿಕೆಯನ್ನು ಮುಚ್ಚಿಸಿ ಎಂದು ಇಂಟರ್ನೆಟ್ ಕಂಪನಿಗಳಿಗೆ ಆದೇಶಿಸಿತು. ಮಾರ್ಚ್ ಹೊತ್ತಿಗೆ ಪಟ್ಟಿ 104 ಸೈಟ್‌ಗಳಿಗೆ ಬೆಳೆಯಿತು. ಅಮೆರಿಕದಲ್ಲಿ ಮಸೂದೆ ಬಿದ್ದುಹೋಯಿತು. ನಮ್ಮಲ್ಲಿ ಹೊಸ ಕಾನೂನೇ ಬೇಕಾಗಲಿಲ್ಲ, ಕೋರ್ಟಿನ ಕಾಗದ ಸಾಕಾಯಿತು.

ಹಾಡಿನ ಕಳ್ಳತನ ಅದರಿಂದ ನಿಂತಿತೇ? ಸೈಟ್ ಮುಚ್ಚುವುದು ಅಂದರೆ ಬಹುಪಾಲು ಸಲ ಇಂಟರ್ನೆಟ್ ಕಂಪನಿಯ ವಿಳಾಸಪುಸ್ತಕದಿಂದ ಒಂದು ಹೆಸರು ಹೊಡೆದುಹಾಕುವುದು, ಅಷ್ಟೇ. ಸೈಟಿನವನು ಒಂದಕ್ಷರ ಬದಲಿಸಿ ಮರುದಿನ ಬರುತ್ತಾನೆ. 2019ರಲ್ಲಿ ದೆಹಲಿ ಹೈಕೋರ್ಟ್ ಹೀಗೆ ಹೆಸರು ಬದಲಿಸಿ ಬರುವವುಗಳನ್ನೂ ಪಟ್ಟಿಗೆ ಸೇರಿಸುತ್ತ ಹೋಗುವ ಹೊಸ ಬಗೆಯ ಆದೇಶ ಕೊಟ್ಟಿತು. ಓಟ ಮುಂದುವರಿದೇ ಇದೆ. ಹಾಡಿನ ವಿಷಯದಲ್ಲಿ ಪರಿಸ್ಥಿತಿ ಬದಲಾಗಿದ್ದು ಬೇರೆ ದಾರಿಯಿಂದ. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿಗೆ, ಜಾಹೀರಾತು ಸಹಿಸಿಕೊಂಡರೆ ಪುಕ್ಕಟೆಯಾಗಿ, ಕೋಟಿಗಟ್ಟಲೆ ಹಾಡು ಕೇಳಿಸುವ ಆ್ಯಪ್‌ಗಳು ಬಂದವು. 2017ರಲ್ಲಿ ಇದೇ ಸಾರೆಗಾಮ 5,000 ಹಳೆಯ ಹಾಡು ತುಂಬಿದ ಕಾರವಾನ್ ರೇಡಿಯೋ ಮಾರಾಟಕ್ಕೆ ಬಿಟ್ಟಿತು. ಇಂಟರ್ನೆಟ್ಟೇ ಬೇಡದ ಆ ಡಬ್ಬಿಯನ್ನು ಅಪ್ಪ ಅಮ್ಮನಿಗೆ ಕೊಡಿಸಿದವರು ನಮ್ಮ ಆಫೀಸಿನಲ್ಲೇ ಎಷ್ಟು ಜನ! ದಮ್‌ದಮ್‌ನ ಕಂಪನಿಗೆ ಹೈಕೋರ್ಟು ಕೊಡಿಸಲಾಗದ ದುಡ್ಡನ್ನು ಆ ಡಬ್ಬಿ ತಂದುಕೊಟ್ಟಿತು ಎಂದೇ ನನ್ನ ಲೆಕ್ಕ.

ಈ ಬ್ಲಾಕ್ ಆದೇಶಗಳಿಗೆ ಇನ್ನೊಂದು ಮುಖವಿದೆ. 2012ರಲ್ಲೇ '3' ಎಂಬ ತಮಿಳು ಸಿನಿಮಾವನ್ನು ಕಾಪಾಡಲು ಹೋಗಿ ವಿಮಿಯೊದಂಥ ಸೈಟ್‌ಗಳು ದೇಶದ ಎಷ್ಟೋ ಕಡೆ ಮುಚ್ಚಿಹೋದವು. ಇಡೀ ಸೈಟ್ ಅಲ್ಲ, ಕದ್ದ ಸಿನಿಮಾ ಇರುವ ನಿರ್ದಿಷ್ಟ ಪುಟ ಮಾತ್ರ ಎಂದು ಮದ್ರಾಸ್ ಹೈಕೋರ್ಟ್ ಜೂನ್‌ನಲ್ಲಿ ಸ್ಪಷ್ಟಪಡಿಸಬೇಕಾಯಿತು. ಆ ಪಾಠ ಉಳಿಯಲಿಲ್ಲ. 2017ರ ಆಗಸ್ಟ್‌ನಲ್ಲಿ ಎರಡು ಹಿಂದಿ ಸಿನಿಮಾಗಳಿಗಾಗಿ ಅದೇ ಹೈಕೋರ್ಟಿನಿಂದ ಪಡೆದ ಆದೇಶಗಳಲ್ಲಿ 2,600ಕ್ಕೂ ಹೆಚ್ಚು ಸೈಟ್‌ಗಳ ಹೆಸರಿತ್ತು. ಅದರಲ್ಲಿ ಒಂದು ಆರ್ಕೈವ್ ಡಾಟ್ ಆರ್ಗ್, ಅಂದರೆ ಇಂಟರ್ನೆಟ್ ಆರ್ಕೈವ್.

ಹೊರನಾಡಿನಲ್ಲಿ ಕನ್ನಡ ಓದುವವರಿಗೆ ಆ ಸೈಟ್ ಏನೆಂದು ವಿವರಿಸಬೇಕಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಬೆಂಗಳೂರಿನ ಐಐಎಸ್‌ಸಿ ಮತ್ತಿತರ ಸಂಸ್ಥೆಗಳು ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕಗಳು ಇವತ್ತು ಸಿಗುವುದು ಅಲ್ಲೇ. ಪುಟ ಓರೆಯಾಗಿರುತ್ತದೆ, ಲೈಬ್ರರಿಯ ಠಸ್ಸೆ ಅಕ್ಷರದ ಮೇಲೇ ಕೂತಿರುತ್ತದೆ, ಆದರೂ ಪುಸ್ತಕ ಕೈಗೆ ಸಿಗುತ್ತದೆ. ಎರಡು ಸಿನಿಮಾಗಳ ಮೊದಲ ವಾರಕ್ಕಾಗಿ ಅದರ ಬಾಗಿಲು ಹಾಕಿತು. ಆರ್ಕೈವ್‌ನವರು ದನಿ ಎತ್ತಿದ ಮೇಲೆ ತೆರೆಯಿತು. ದನಿ ಎತ್ತಲು ಆಗದ ಸಣ್ಣ ಸೈಟ್‌ಗಳ ಕಥೆ ಏನು?

ಅಲ್ಲಿರುವ ಎಲ್ಲ ಪುಸ್ತಕವೂ ಹಕ್ಕು ಮುಗಿದದ್ದು ಎಂದು ನಾನು ಹೇಳುತ್ತಿಲ್ಲ. ಹಕ್ಕು ಇರುವವೂ ಸೇರಿಕೊಂಡಿವೆ, ಬರೆದವರ ಮನೆಯವರು ಕೇಳಿದರೆ ತೆಗೆಯಲೇಬೇಕು. ಆದರೆ ಹಕ್ಕು ಎಷ್ಟು ವರ್ಷ ಎಂಬುದರ ಹಿಂದೆಯೂ ಒಂದು ಬಂಗಾಳಿ ಕಥೆಯಿದೆ. ರವೀಂದ್ರನಾಥ ಟಾಗೋರರು ತೀರಿಕೊಂಡದ್ದು 1941ರಲ್ಲಿ. ಆಗಿನ 50 ವರ್ಷದ ಲೆಕ್ಕದಂತೆ ವಿಶ್ವಭಾರತಿಯ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಮುಗಿಯುವ ಹೊಸ್ತಿಲಲ್ಲಿ ಕೇಂದ್ರ ಸರ್ಕಾರ ಅದನ್ನು 60 ವರ್ಷ ಮಾಡಿತು. ಒಬ್ಬ ಕವಿಗಾಗಿ ಮಾಡಿದ್ದು ಎಲ್ಲ ಭಾಷೆಗೂ ಅಂಟಿಕೊಂಡಿತು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಮತ್ತು ಕೈಲಾಸಂ 1997ಕ್ಕೆ ಎಲ್ಲರ ಸ್ವತ್ತಾಗುವ ಬದಲು 2007ರವರೆಗೆ ಕಾಯಬೇಕಾಯಿತು. ಇಲ್ಲಿನ ಸಹೋದ್ಯೋಗಿಗಳ ಮುಂದೆ ಇದನ್ನು ಹೇಳಿದರೆ ನಗುತ್ತಾರೆ, ಆಮೇಲೆ ರವೀಂದ್ರಸಂಗೀತದ ಪರವಾಗಿ ಅರ್ಧ ಗಂಟೆ ವಾದ ಮಾಡುತ್ತಾರೆ.

1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳು 2024ರ ಜನವರಿ 1ಕ್ಕೆ ಮುಕ್ತವಾದವು. ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1967ರಲ್ಲಿ ಮಾಡಿದ 'ಬೆಳ್ಳಿಮೋಡ' ಸಿನಿಮಾದ ಹಕ್ಕು ಮುಗಿಯುವುದು 2027ರ ಕೊನೆಗೆ. ಅಷ್ಟು ದಿನ ಒಳ್ಳೆಯ ಪ್ರಿಂಟ್ ಉಳಿದಿರಬೇಕಲ್ಲ? ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' 1934ರದ್ದು. ಅದರ ಒಂದು ಪ್ರತಿಯೂ ಉಳಿದಿಲ್ಲ. ಯಾರಾದರೂ ಕದ್ದಾದರೂ ಒಂದು ಪ್ರತಿ ಇಟ್ಟುಕೊಂಡಿದ್ದರೆ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಇನ್ನೊಂದು ಸ್ವಾರಸ್ಯ ಕೇಳಿ. 1954ರ ಕಾನೂನಿನಂತೆ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಇದೇ ಊರಿನ ಆಲಿಪುರದಲ್ಲಿರುವ ನ್ಯಾಷನಲ್ ಲೈಬ್ರರಿಗೆ ಕಳಿಸಬೇಕು. ಕನ್ನಡದ್ದೂ ಅದರಲ್ಲಿ ಸೇರಿತು. ಭಾರತದಲ್ಲಿ ಎಲ್ಲೂ ಮಾರಾಟಕ್ಕಿಲ್ಲದ ಪುಸ್ತಕವಾದರೆ ಸಾರ್ವಜನಿಕ ಲೈಬ್ರರಿ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ಮಾಡಿಕೊಳ್ಳಬಹುದು ಎಂದು ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ತನ್ನಲ್ಲಿರುವುದನ್ನು ಕಾಪಾಡಲು ಡಿಜಿಟಲ್ ಪ್ರತಿಯನ್ನೂ ಇಡಬಹುದು. ಅಂದರೆ ಅಂಗಡಿಯಲ್ಲಿ ಸಿಗದ ಪುಸ್ತಕ ಬೇರೆ, ನಿನ್ನೆ ಬಿಡುಗಡೆಯಾದ ಸಿನಿಮಾ ಬೇರೆ ಎಂಬ ವಿವೇಕ ಹಳೆಯ ಕಾನೂನಿಗೆ ಇತ್ತು. 48 ಗಂಟೆಯ ಹೊಸ ವ್ಯವಸ್ಥೆಯ ಬಗ್ಗೆ ಮಾತಾಡುವಾಗ ಆ ವಿವೇಕದ ಸುದ್ದಿಯೇ ಇಲ್ಲ.

ತಮ್ಮನ ಜೊತೆ ಕೊನೆಯ ಸಲ ಮಾತಾಡಿದಾಗ ನನ್ನ ಬೇಡಿಕೆಗಳನ್ನು ಅವನ ಮುಂದಿಟ್ಟೆ. ಬಿಡುಗಡೆಯಾದ ಮೊದಲ ಕೆಲವು ವಾರ ಎಷ್ಟು ಬಿಗಿ ಬೇಕೋ ಅಷ್ಟು ಮಾಡಲಿ, ಆದರೆ ಮುಚ್ಚುವುದು ಆ ಪುಟವನ್ನು ಮಾತ್ರ. ಮುಚ್ಚಿದ ಸೈಟ್‌ಗಳ ಪಟ್ಟಿ, ಯಾರ ದೂರಿನ ಮೇಲೆ ಎಂಬುದರ ಸಮೇತ, ಎಲ್ಲರಿಗೂ ಕಾಣುವಂತಿರಲಿ. ಸುಳ್ಳು ದೂರು ಕೊಟ್ಟವರಿಗೂ ದಂಡ ಬೀಳಲಿ. ಮುಂಜಾಗ್ರತಾ ಬಂಧನದ ಪಟ್ಟಿಯಿಂದ ಕಾಪಿರೈಟ್ ಹೊರಬರಲಿ. ಎಷ್ಟೋ ವರ್ಷ ಎಲ್ಲೂ ಮಾರಾಟಕ್ಕಿಡದ ಕೃತಿಯನ್ನು ಲೈಬ್ರರಿಗಳು ತೆರೆದಿಟ್ಟರೆ ಅದು ಅಪರಾಧ ಆಗದಿರಲಿ.

ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆಯ 'ಏಕಂ' ಸರಣಿಯನ್ನೂ ನೆನಪಿಸಿದೆ. ಯಾವ ಒಟಿಟಿಯೂ ಕೊಳ್ಳದಿದ್ದಾಗ 2024ರ ಜುಲೈನಲ್ಲಿ ಅವರೇ ಒಂದು ಸೈಟ್ ಮಾಡಿ 149 ರೂಪಾಯಿಗೆ ತೋರಿಸಿದರು. ಕರಾವಳಿಯ ಆ ಏಳು ಕಥೆಗಳನ್ನು ನಾನು ಸಾಲ್ಟ್ ಲೇಕಿನ ಮನೆಯಲ್ಲಿ ಕೂತು ದುಡ್ಡು ಕೊಟ್ಟೇ ನೋಡಿದೆ. ಸಿಕ್ಕರೆ ಕೊಡುತ್ತೇವೆ ಮಾರಾಯ, ಸಿಗುವುದಿಲ್ಲವಲ್ಲ ಎಂದೆ. "ನಿನ್ನಂಥವರು ಎಷ್ಟು ಜನ ಅಣ್ಣಾ?" ಎಂದು ಅವನು ಕೇಳಿದ. ಪಟ್ಟಿ ಬಹಿರಂಗವಾಗಲಿ ಎಂಬುದಕ್ಕೆ ಒಪ್ಪಿದ, ಸುಳ್ಳು ದೂರಿನ ದಂಡಕ್ಕೂ ಒಪ್ಪಿದ. ಗೂಂಡಾ ಕಾಯ್ದೆಯ ವಿಷಯಕ್ಕೆ "ಅದಿರ್ಲಿ ಬಿಡು, ಹೆದ್ರಿಕೆ ಬೇಕು" ಎಂದ. ಅದರ ಬಗ್ಗೆ ನಮ್ಮ ಜಗಳ ಇನ್ನೂ ಮುಗಿದಿಲ್ಲ.