ಗಣಕಜಾಲದ ದಟ್ಟಣೆಯೂ ಅದರ ನಿಯಂತ್ರಣವೂ

ಶಿವರಾತ್ರಿಯ ಜಾತ್ರೆಗೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ವಾಹನಗಳು ಕಾಮಗೆರೆ, ಹನೂರು ಮಾರ್ಗದಲ್ಲಿ ಸಾಲುಗಟ್ಟುವುದುಂಟು. ಗಣಕಜಾಲದಲ್ಲಿಯೂ ದಟ್ಟಣೆ ಹೀಗೆಯೇ. ಆದರೆ ಅಲ್ಲಿ ಸಾಲು ತುಂಬಿದ ಮೇಲೆ ಬಂದ ಮಾಹಿತಿಯ ಪೊಟ್ಟಣ ನಾಶವಾಗುತ್ತದೆ. ಅದನ್ನು ಪುನಃ ಕಳುಹಿಸಬೇಕಾಗಿ ದಟ್ಟಣೆ ಮತ್ತಷ್ಟು ಬೆಳೆಯುತ್ತದೆ.

1986ರ ಅಕ್ಟೋಬರಿನಲ್ಲಿ ಅಮೆರಿಕೆಯ ಬರ್ಕ್ಲಿಯಲ್ಲಿ, ಕೇವಲ 400 ಗಜ ಅಂತರದ ಎರಡು ಸಂಸ್ಥೆಗಳ ನಡುವಣ ಸಂವಹನವು ಸೆಕೆಂಡಿಗೆ 32,000 ಬಿಟ್‌ಗಳಿಂದ 40ಕ್ಕೆ ಕುಸಿಯಿತು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಸರಳವಾದುದು: ಪೊಟ್ಟಣ ಕಳೆದುಹೋದರೆ ಕಳುಹಿಸುವ ಯಂತ್ರವೇ ತನ್ನ ಪ್ರಮಾಣವನ್ನು ಅರ್ಧಕ್ಕಿಳಿಸಿ, ಬಳಿಕ ಒಂದೊಂದಾಗಿ ಏರಿಸತಕ್ಕದ್ದು. ಹಾದಿಯಲ್ಲಿ ಕೈತೋರುವ ಪೊಲೀಸನಿಲ್ಲ. ತಾನಾಗಿ ಹಿಂಜರಿಯುವ ಸೌಜನ್ಯವೊಂದೇ ಆಧಾರ.

ಅತಿವೇಗದ ಜಾಲಗಳಲ್ಲಿ ಈ ಸೌಜನ್ಯವೇ ತೊಡಕಾಯಿತು. ಸೆಕೆಂಡಿಗೆ 1000 ಕೋಟಿ ಬಿಟ್ ಸಾಗಿಸುವ ದೂರದ ಮಾರ್ಗದಲ್ಲಿ, ಹೋಗಿಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿದರೆ, ಒಮ್ಮೆ ಅರ್ಧಕ್ಕಿಳಿದ ಯಂತ್ರ ಪೂರ್ಣವೇಗಕ್ಕೆ ಮರಳಲು ಗಂಟೆಗೂ ಮಿಕ್ಕಿ ಬೇಕು. 2006ರಲ್ಲಿ ಲಿನಕ್ಸ್ ಅಳವಡಿಸಿಕೊಂಡ ‘ಕ್ಯೂಬಿಕ್’ ಕ್ರಮವು ಹಿಂದೆ ನಷ್ಟವಾದ ಮಟ್ಟದ ಸಮೀಪಕ್ಕೆ ಬೇಗನೆ ಏರಿ, ಅಲ್ಲಿ ನಿಧಾನಿಸಿ, ಹಾದಿ ತೆರವಿದ್ದರೆ ಮತ್ತೆ ವೇಗ ಪಡೆಯುತ್ತದೆ. 2016ರಲ್ಲಿ ಗೂಗಲ್ ಪ್ರಕಟಿಸಿದ ‘ಬಿಬಿಆರ್’ ನಷ್ಟಕ್ಕೆ ಕಾಯದೆ ಮಾರ್ಗದ ಸಾಮರ್ಥ್ಯವನ್ನೂ ವಿಳಂಬವನ್ನೂ ಅಳೆಯುತ್ತದೆ. ಅದರ ಮೊದಲ ರೂಪವು ನೆರೆಯ ಕ್ಯೂಬಿಕ್‌ನ ಪಾಲನ್ನೂ ಕಬಳಿಸುತ್ತದೆಂಬ ಆಕ್ಷೇಪ ಬಂದಿತು, ಅದು ನಿರಾಧಾರವಾಗಿರಲಿಲ್ಲ.