ಹಳೆಯ ಎಂ. ಜಿ. ಮೋಟಾರಿನ ಹಿಂದಿನ ಅಚ್ಚು

ಎತ್ತಿನ ಬಂಡಿಯಲ್ಲಿ ಅಚ್ಚು ನಿಶ್ಚಲವಾಗಿರುವುದು, ಗಾಲಿ ಮಾತ್ರ ಅದರ ಸುತ್ತ ತಿರುಗುವುದು. ಹಳೆಯ ಕಾಲದ ಮೋಟಾರಿನಲ್ಲಿ ಹಾಗಲ್ಲ. ಹಿಂದಿನ ಅಚ್ಚಿನ ಕೊಳವೆಯೊಳಗೆ ಉಕ್ಕಿನ ದಂಡಗಳು ತಾವೇ ತಿರುಗಿ ಗಾಲಿಗಳನ್ನು ತಿರುಗಿಸುತ್ತವೆ. ಮುಂದಿರುವ ಯಂತ್ರದಿಂದ ಹೊರಟ ಬಲವು ಉದ್ದವಾದ ಒಂದು ದಂಡದ ಮೂಲಕ ಹಿಂದಕ್ಕೆ ಬಂದು, ಅಚ್ಚಿನ ನಡುವಣ ಗುಂಡಾದ ಪೆಟ್ಟಿಗೆಯಲ್ಲಿರುವ ಎರಡು ಹಲ್ಲುಚಕ್ರಗಳಲ್ಲಿ ದಿಕ್ಕನ್ನು ಬದಲಿಸಿ ಗಾಲಿಗಳನ್ನು ಸೇರುತ್ತದೆ. ಇಂಗ್ಲಿಷಿನಲ್ಲಿ ಈ ಅಚ್ಚಿಗೆ ಆಕ್ಸಲ್ ಎಂದು ಹೆಸರು. ಆ ಶಬ್ದವೂ ಸಂಸ್ಕೃತದ ಅಕ್ಷ ಶಬ್ದವೂ ಒಂದೇ ಮೂಲದಿಂದ ಹುಟ್ಟಿದುವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಅಂದರೆ ಭಾಷೆಗಳು ಬೇರೆಬೇರೆಯಾಗುವುದಕ್ಕೆ ಮುನ್ನವೇ ಬಂಡಿಗೆ ಅಚ್ಚಿತ್ತು!

ಪೆಟ್ಟಿಗೆಯೊಳಗಿನ ಆ ಎರಡು ಚಕ್ರಗಳನ್ನು ತೆಗೆದು ಬೇರೆ ಎರಡನ್ನು ಜೋಡಿಸಿ, ಎಪ್ಪತ್ತು ವರ್ಷ ದಾಟಿದ ಒಂದು ಆಂಗ್ಲ ಮೋಟಾರನ್ನು ಈಗಿನ ಮಾರ್ಗಗಳಿಗೆ ಹೊಂದಿಸಿಕೊಳ್ಳುವ ಕಾರ್ಯವು ಇಂಗ್ಲೆಂಡು, ಅಮೆರಿಕಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದರಲ್ಲಿ ಬರುವ ಲಾಭವೇನು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದು ಯಂತ್ರಜ್ಞರಲ್ಲದವರಿಗೂ ತಿಳಿಯತಕ್ಕ ವಿಷಯವೇ ಆಗಿದೆ.

ಎಂ. ಜಿ. ಎಂಬುದು ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಹೆಸರಿನ ಮೊದಲಕ್ಷರಗಳು. ಈ ಗುರುತಿನ ಸ್ಪೋರ್ಟ್ಸ್ ಕಾರುಗಳು ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುವು. ಆ ಕಾರ್ಖಾನೆಯು ೧೯೮೦ ರಲ್ಲಿ ಮುಚ್ಚಿತು. ಅಲ್ಲಿ ೧೯೪೯ ರಿಂದ ೧೯೫೩ ರ ವರೆಗೆ ತಯಾರಾದ ಟಿ. ಡಿ. ಎಂಬ ಜಾತಿಯ ಬಂಡಿಗಳು ಇಪ್ಪತ್ತೊಂಬತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ಕಡಲು ದಾಟಿ ಅಮೆರಿಕವನ್ನು ಸೇರಿದುವು. ಇಬ್ಬರು ಕೂಡುವ ಸ್ಥಳ, ಮಡಿಸಬಹುದಾದ ಬಟ್ಟೆಯ ಕಮಾನು, ಚಾಚಿಕೊಂಡ ಮುಂಗಾಪುಗಳು. ಯಂತ್ರವು ೧೨೫೦ ಘನ ಸೆಂಟಿಮೀಟರಿನದು, ಅದರ ಬಲ ಸುಮಾರು ೫೪ ಕುದುರೆಗಳದು. ಇಷ್ಟು ಅಲ್ಪಬಲದ ಯಂತ್ರವು ಇಬ್ಬರನ್ನು ಹೊತ್ತು ಇಂಗ್ಲೆಂಡಿನ ಹಳ್ಳಿಗಾಡಿನ ತಿರುವುಗಳಲ್ಲಿ ಚಟುವಟಿಕೆಯಿಂದ ಏರಿ ಇಳಿಯಬೇಕಾದರೆ, ಅಚ್ಚಿನ ಹಲ್ಲುಗಳು ಅದಕ್ಕೆ ಬಹಳ ನೆರವಾಗಬೇಕು.

ಆ ನೆರವು ಎಂತಹದೆಂದರೆ: ಮುಂದಿನಿಂದ ಬರುವ ದಂಡದ ತುದಿಯಲ್ಲಿರುವ ಚಿಕ್ಕ ಚಕ್ರಕ್ಕೆ ೮ ಹಲ್ಲುಗಳು, ಅದು ಕಚ್ಚಿ ತಿರುಗಿಸುವ ದೊಡ್ಡ ಚಕ್ರಕ್ಕೆ ೪೧. ಈ ದೊಡ್ಡದನ್ನು ಇಂಗ್ಲಿಷರು ಕಿರೀಟಚಕ್ರವೆಂದು ಕರೆಯುತ್ತಾರೆ, ನೋಡಿದರೆ ಹೆಸರು ಸಾರ್ಥಕವೆನ್ನಬೇಕು. ಆದುದರಿಂದ ಚಿಕ್ಕ ಚಕ್ರವು ಐದು ಸುತ್ತಿನ ಮೇಲೆ ಎಂಟನೆಯ ಒಂದು ಪಾಲು ತಿರುಗಿದಾಗ ಗಾಲಿಗೆ ಒಂದು ಸುತ್ತು. ಲೆಕ್ಕದಲ್ಲಿ ಇದು ೫.೧೨೫. ಮೇಲಿನ ಗೇರಿನಲ್ಲಿ ಯಂತ್ರವೂ ಆ ದಂಡವೂ ಸಮವಾಗಿ ತಿರುಗುವುದರಿಂದ, ಯಂತ್ರದ ಸಾವಿರ ಸುತ್ತುಗಳಿಗೆ ಬಂಡಿಯ ವೇಗ ಗಂಟೆಗೆ ಹದಿನಾಲ್ಕೂವರೆ ಮೈಲಿಗೆ ತುಸು ಕಡಿಮೆ.

ಈ ಏರ್ಪಾಡು ಆ ಕಾಲದ ದಾರಿಗಳಿಗೆ ಯುಕ್ತವೇ ಆಗಿತ್ತು. ಆದರೆ ದಾರಿಗಳು ನಿಂತಲ್ಲಿ ನಿಲ್ಲಲಿಲ್ಲ. ಅಮೆರಿಕದಲ್ಲಿ ೧೯೫೬ ರ ಶಾಸನದಿಂದ ದೇಶದ ಉದ್ದಗಲಕ್ಕೂ ಹೆದ್ದಾರಿಗಳ ನಿರ್ಮಾಣ ಮೊದಲಾಯಿತು. ಇಂಗ್ಲೆಂಡಿನ ಪ್ರಥಮ ಹೆದ್ದಾರಿಯು ೧೯೫೮ ರಲ್ಲಿ ಪ್ರೆಸ್ಟನ್ ನಗರದ ಪಕ್ಕದಲ್ಲಿ ತೆರೆಯಿತು. ಇಂತಹ ಮಾರ್ಗದಲ್ಲಿ ಎಲ್ಲ ಬಂಡಿಗಳೂ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುತ್ತವೆ. ನಿಧಾನವಾಗಿ ಹೋಗುವುದೇ ಅಪಾಯ. ಟಿ. ಡಿ. ಬಂಡಿಯು ಅಲ್ಲಿ ಅರುವತ್ತು ಮೈಲಿಯ ವೇಗವನ್ನು ಕಾಪಾಡಬೇಕಾದರೆ ಅದರ ಯಂತ್ರವು ನಿಮಿಷಕ್ಕೆ ಸುಮಾರು ೪೧೫೦ ಸುತ್ತು ತಿರುಗಬೇಕು. ಗಂಟೆಗೆ ಇದು ಎರಡೂವರೆ ಲಕ್ಷವಾಯಿತು. ಒಂದೊಂದು ಸುತ್ತಿಗೂ ಕೊಂತವು, ಅಂದರೆ ಪಿಸ್ಟನ್, ತೊಂಬತ್ತು ಮಿಲಿಮೀಟರು ಮೇಲಕ್ಕೆ ಹೋಗಿ ಅಷ್ಟೇ ಕೆಳಕ್ಕೆ ಬರುವುದು. ಬಂಡಿಯು ತೊಂಬತ್ತಾರು ಕಿಲೋಮೀಟರು ಸಾಗುವಷ್ಟರಲ್ಲಿ ಕೊಂತವು ತನ್ನ ಅಂಗೈಯಗಲದ ಕೊಳವೆಯೊಳಗೆ ನಲವತ್ತೈದು ಕಿಲೋಮೀಟರು ನಡೆದಿರುತ್ತದೆ! ಸವೆತವೆಷ್ಟು, ಕಾವೆಷ್ಟು, ಕಿವಿಗಾಗುವ ಹಿಂಸೆಯೆಷ್ಟು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಇಂತಹ ಯಂತ್ರವು ನಡುದಾರಿಯಲ್ಲಿ ಮುರಿದರೆ ಹೋಗುವುದು ಹಣ ಮಾತ್ರವಲ್ಲ.

ಪರಿಹಾರವನ್ನು ಅದೇ ಕಾರ್ಖಾನೆಯ ಮುಂದಿನ ಬಂಡಿಗಳೇ ಒದಗಿಸಿದುವು. ೧೯೫೩ ರಲ್ಲಿ ಬಂದ ಟಿ. ಎಫ್. ಜಾತಿಗೆ ೮ ಮತ್ತು ೩೯ ಹಲ್ಲುಗಳು, ಎಂದರೆ ೪.೮೭೫. ೧೯೫೫ ರ ಎಂ. ಜಿ. ಎ. ಗೆ ೧೦ ಮತ್ತು ೪೩, ಅಂದರೆ ೪.೩. ಅದರ ಕೊನೆಯ ರೂಪಕ್ಕೆ ೧೦ ಮತ್ತು ೪೧. ೧೯೬೨ ರ ಎಂ. ಜಿ. ಬಿ. ಗೆ ೧೧ ಮತ್ತು ೪೩, ಅಂದರೆ ೩.೯ ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಹಳೆಯ ಟಿ. ಡಿ. ಅಚ್ಚಿನಲ್ಲಿ ಈ ಹೊಸ ಜೋಡಿಗಳನ್ನು, ಪಕ್ಕದ ಕೆಲವು ಭಾಗಗಳನ್ನು ತಿದ್ದಿಕೊಂಡು, ಕೂಡಿಸಬಹುದೆಂದು ಅನುಭವಿಗಳು ಕಂಡುಕೊಂಡರು.

ಗಣಿತ ಕಲಿಸಿದವರಿಗೆ ಇಲ್ಲಿ ಒಂದು ಸಂತೋಷವುಂಟು. ಮೇಲಿನ ಯಾವ ಜೋಡಿಯನ್ನು ನೋಡಿದರೂ ಎರಡು ಸಂಖ್ಯೆಗಳಿಗೂ ಸಾಮಾನ್ಯವಾದ ಭಾಜಕವಿಲ್ಲ. ಇದು ಆಕಸ್ಮಿಕವಲ್ಲ. ೮ ಕ್ಕೆ ೪೦ ಇಟ್ಟಿದ್ದರೆ ಚಿಕ್ಕ ಚಕ್ರದ ಒಂದು ಹಲ್ಲು ದೊಡ್ಡದರ ಐದೇ ಹಲ್ಲುಗಳನ್ನು ಜೀವಮಾನವಿಡೀ ಕಚ್ಚುತ್ತಿತ್ತು. ಒಂದು ಹಲ್ಲಿನ ದೋಷವು ಆ ಐದಕ್ಕೇ ಅಂಟುತ್ತಿತ್ತು. ೪೧ ಇಟ್ಟುದರಿಂದ ಪ್ರತಿಯೊಂದು ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಂತೆ ಸಂಧಿಸುವುದು, ಸವೆತವು ಸಮನಾಗಿ ಹಂಚಿಹೋಗುವುದು.

ಈಗ ಲಾಭನಷ್ಟದ ಲೆಕ್ಕ. ೪.೩ ರ ಜೋಡಿಯನ್ನು ಹಾಕಿದರೆ ಅದೇ ಅರುವತ್ತು ಮೈಲಿಗೆ ಯಂತ್ರದ ಸುತ್ತು ೩೫೦೦ ಕ್ಕೆ ಇಳಿಯುತ್ತದೆ. ಆರರಲ್ಲೊಂದು ಪಾಲು ಶ್ರಮ ಉಳಿಯಿತು; ಪಕ್ಕದಲ್ಲಿ ಕುಳಿತವರೊಡನೆ ಮಾತನಾಡಲೂ ಸಾಧ್ಯವಾಯಿತು. ೩.೯ ರ ಜೋಡಿಯಲ್ಲಾದರೆ ೩೧೭೦ ರಷ್ಟು ಸಾಕು. ಹಾಗಾದರೆ ಇದನ್ನೇ ಏಕೆ ಹಾಕಬಾರದು ಎಂದು ಕೇಳುವವರು ಬಹಳ. ಆದರೆ ಹಲ್ಲುಚಕ್ರವು ಬಲವನ್ನು ಉತ್ಪಾದಿಸುವುದಿಲ್ಲ. ವೇಗವನ್ನು ಕೊಟ್ಟು ಎಳೆತವನ್ನು ಕೊಳ್ಳುವ, ಎಳೆತವನ್ನು ಕೊಟ್ಟು ವೇಗವನ್ನು ಕೊಳ್ಳುವ ವ್ಯಾಪಾರಿ ಅದು. ಎಂ. ಜಿ. ಬಿ. ಯ ಯಂತ್ರವು ೧೭೯೮ ಘನ ಸೆಂಟಿಮೀಟರಿನದು, ತೊಂಬತ್ತೈದು ಕುದುರೆಗಳ ಬಲದ್ದು. ಅದಕ್ಕೆಂದು ಕಡೆದ ಹಲ್ಲುಗಳನ್ನು ೫೪ ಕುದುರೆಗಳಿಗೆ ಕಟ್ಟಿದರೆ ಏರಿನಲ್ಲಿ ಏನಾದೀತು? ಟಿ. ಡಿ. ಯ ಮೂರನೆಯ ಗೇರು ೧.೩೮೫ ರದು. ಅದನ್ನು ೩.೯ ರಿಂದ ಗುಣಿಸಿದರೆ ೫.೪ ಬರುವುದು, ಎಂದರೆ ಹಿಂದೆ ನಾಲ್ಕನೆಯ ಗೇರು ಮಾಡುತ್ತಿದ್ದ ಕೆಲಸಕ್ಕೆ ಈಗ ಮೂರನೆಯದೇ ಬೇಕು. ನಾಲ್ಕನೆಯದು ಸಮತಲದ ಹೆದ್ದಾರಿಗೆ ಮಾತ್ರ ಮೀಸಲು. ಮೊದಲನೆಯ ಗೇರಿನಲ್ಲಿ ಒಟ್ಟು ಪ್ರಮಾಣವು ಹದಿನೆಂಟರ ಸಮೀಪದಿಂದ ಹದಿನಾಲ್ಕಕ್ಕೂ ಕೆಳಕ್ಕೆ ಬೀಳುವುದರಿಂದ, ಏರಿನ ಮಧ್ಯೆ ನಿಂತ ಬಂಡಿಯನ್ನು ಹೊರಡಿಸಲು ಕ್ಲಚ್ಚನ್ನು ಉಜ್ಜಿ ಸುಡಬೇಕಾಗುತ್ತದೆ. ಯಂತ್ರಕ್ಕೆ ಬೇರೆ ಬಲವರ್ಧನೆ ಮಾಡದವರಿಗೆ ೪.೩ ರ ಜೋಡಿಯೇ ಉಚಿತವೆಂದು ನನ್ನ ಮತ; ಗುಡ್ಡಗಾಡಿನಲ್ಲಿ ವಾಸಿಸಿ ಹೆದ್ದಾರಿಯನ್ನು ಎಂದಾದರೊಮ್ಮೆ ತುಳಿಯುವವರು ಹಳೆಯ ಜೋಡಿಯನ್ನು ಮುಟ್ಟದಿರುವುದೇ ಲೇಸು. ಅಚ್ಚನ್ನು ಹಾಗೆಯೇ ಬಿಟ್ಟು ಐದು ಗೇರುಗಳ ಬೇರೊಂದು ಪೆಟ್ಟಿಗೆಯನ್ನು ಜೋಡಿಸುವ ಮಾರ್ಗವೂ ಉಂಟು. ಅದರಲ್ಲಿ ಏರಿನ ಬಲವೂ ಉಳಿದು ಹೆದ್ದಾರಿಯ ಸುಖವೂ ದೊರೆಯುವುದು, ಆದರೆ ಬಂಡಿಯ ಮೂಲಸ್ವರೂಪವು ಇನ್ನಷ್ಟು ಕೆಡುವುದು.

ಜೋಡಿಸುವ ಕೆಲಸ ಸುಲಭವಲ್ಲ. ಎರಡು ಚಕ್ರಗಳನ್ನೂ ಒಟ್ಟಿಗೆ ಅರೆದು ನಯಮಾಡಿ, ಜೋಡಿಯೆಂದು ತಿಳಿಯುವಂತೆ ಗುರುತು ಕೊರೆದಿರುತ್ತಾರೆ. ಒಂದರ ಹೆಣ್ಣನ್ನು ಇನ್ನೊಂದರ ಗಂಡಿಗೆ ಕಟ್ಟಿದರೆ ಆ ಸಂಸಾರ ಗಲಾಟೆಯದೇ. ಚಿಕ್ಕ ಚಕ್ರವು ಎಷ್ಟು ಒಳಕ್ಕೆ ಕೂರಬೇಕು ಎಂಬುದನ್ನು ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳಿಂದ ಸರಿಪಡಿಸುತ್ತಾರೆ. ಹಲ್ಲುಹಲ್ಲುಗಳ ನಡುವೆ ಅಂಗುಲದ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಸಡಿಲವಿರಬೇಕು. ಇಲ್ಲದಿದ್ದರೆ ಕಾಯ್ದು ಹಿಗ್ಗಿದಾಗ ಬಿಗಿದುಕೊಳ್ಳುವುದು. ಬಳಿಕ ಹಲ್ಲಿಗೆ ಬಣ್ಣ ಸವರಿ ತಿರುಗಿಸಿ ನೋಡುವರು. ಎದುರು ಹಲ್ಲು ಉಜ್ಜಿದ ಗುರುತು ತುದಿಯಲ್ಲಿ ಕಂಡರೆ ಚಿಕ್ಕ ಚಕ್ರ ದೂರವಾಯಿತು, ಬುಡದಲ್ಲಿ ಕಂಡರೆ ಅತಿಯಾಗಿ ಒಳಕ್ಕೆ ಹೋಯಿತು, ನಡುವೆ ಕಂಡರೆ ಸರಿ. ಈ ಅಚ್ಚಿನಲ್ಲಿ ಚಿಕ್ಕ ಚಕ್ರವು ದೊಡ್ಡದರ ಕೇಂದ್ರಕ್ಕಿಂತ ಕೆಳಗೆ ಕುಳಿತಿರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಜಾರಲೂ ಜಾರುತ್ತವೆ. ಅದಕ್ಕೆಂದೇ ತಯಾರಿಸಿದ ಹೈಪಾಯ್ಡ್ ಎಣ್ಣೆಯ ಹೊರತು ಬೇರೆ ಎಣ್ಣೆ ಕೂಡದು. ಹೊಂದಾಣಿಕೆ ತಪ್ಪಿದ ಅಚ್ಚು ಓಡುವಾಗ ನರಳುತ್ತದೆ, ಆ ನರಳಾಟ ವಾಸಿಯಾಗುವುದೇ ಇಲ್ಲ.

ಬಂಡಿ ಸದ್ದಿಲ್ಲದೆ ಓಡತೊಡಗಿದ ಮೇಲೆ ಚಾಲಕನಿಗೆ ಇನ್ನೂ ವೇಗದ ಆಸೆ ಹುಟ್ಟುವುದು ಸ್ವಾಭಾವಿಕ. ತಡೆಗಳು ಮಾತ್ರ ಹಳೆಯ ಡೋಲು ತಡೆಗಳೇ. ಅರುವತ್ತರಿಂದ ಎಪ್ಪತ್ತು ಮೈಲಿಗೆ ಏರಿದರೆ ತಡೆಗಳು ನುಂಗಬೇಕಾದ ಶಕ್ತಿಯು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ, ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುವುದು. ಇದಕ್ಕಿಂತಲೂ ಗುಪ್ತವಾದ ಇನ್ನೊಂದು ಅಪಾಯವುಂಟು. ವೇಗಸೂಚಿಯ ತಂತಿಯು ಗಾಲಿಯಿಂದಲ್ಲ, ಗೇರುಪೆಟ್ಟಿಗೆಯಿಂದ ಹೊರಡುತ್ತದೆ. ಆ ಪೆಟ್ಟಿಗೆಗೆ ಅಚ್ಚಿನಲ್ಲಾದ ಬದಲಾವಣೆ ತಿಳಿಯದು. ೪.೩ ರ ಹಲ್ಲು ಹಾಕಿದ ಬಂಡಿಯು ಅರುವತ್ತರಲ್ಲಿ ಓಡುತ್ತಿರುವಾಗ ಮುಳ್ಳು ಐವತ್ತನ್ನೇ ತೋರಿಸುವುದು. ಸೂಚಿಯನ್ನು ಕುಶಲರಿಂದ ತಿದ್ದಿಸಬೇಕು, ಇಲ್ಲವೆ ತಂತಿಯ ನಡುವೆ ಪ್ರಮಾಣ ಬದಲಿಸುವ ಚಿಕ್ಕ ಪೆಟ್ಟಿಗೆಯೊಂದನ್ನು ಸೇರಿಸಬೇಕು.

ತೆಗೆದ ಹಳೆಯ ಜೋಡಿಯನ್ನು ವಿವೇಕಿಗಳು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಎಂಟು-ನಲವತ್ತೊಂದು ಎಂದು ಚೀಟಿ ಕಟ್ಟಿ ಇಟ್ಟುಕೊಳ್ಳುತ್ತಾರೆ. ಬಂಡಿಯನ್ನು ಮಾರುವ ದಿನ ಅದನ್ನೂ, ಅಚ್ಚಿನೊಳಗೆ ಈಗಿರುವ ಹಲ್ಲುಗಳ ಲೆಕ್ಕವನ್ನೂ ಕೊಂಡವನಿಗೆ ಒಪ್ಪಿಸಬೇಕು. ಹೊರಗಿನಿಂದ ನೋಡಿ ಅದನ್ನು ತಿಳಿಯುವ ಬಗೆಯಿಲ್ಲ.