ವಲಯ ಬೇರೆ, ಎದುರಾಳಿ ಬೇರೆ: ಕಬಡ್ಡಿ ದಾಳಿಗಾರರ ಬಲಾಬಲ ಅಳೆಯುವುದು ಹೇಗೆ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆದರೆ ಅಂಗಣದ ಸುತ್ತ ಒಂದು ವಾದವೂ ನಡೆಯುತ್ತದೆ. ಯಾವ ತಾಲೂಕಿನ ದಾಳಿಗಾರ ಹೆಚ್ಚು ಬಲಶಾಲಿ? ನಮ್ಮ ಹುಡುಗ ಒಂದೇ ಪಂದ್ಯದಲ್ಲಿ ಹದಿನೈದು ಅಂಕ ತಂದ ಎಂದು ಒಬ್ಬರು ಹೇಳಿದರೆ, ಎದುರಿಗೆ ಹಿಡಿಯುವವರು ಯಾರಿದ್ದರು ಎಂದು ಮತ್ತೊಬ್ಬರು ಕೇಳುತ್ತಾರೆ. ಆ ಮರುಪ್ರಶ್ನೆಯಲ್ಲಿಯೇ ವಿಷಯದ ಸಾರ ಅಡಗಿದೆ.

ಇದು ಕಟ್ಟೆಯ ಹರಟೆ ಮಾತ್ರವಲ್ಲ. ಶಾಲಾ ಮಕ್ಕಳ ಕ್ರೀಡಾಕೂಟ ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಳಗಾವಿ ವಿಭಾಗಕ್ಕೆ, ಅಲ್ಲಿಂದ ರಾಜ್ಯಮಟ್ಟಕ್ಕೆ ಸಾಗುತ್ತದೆ. ಬೇರೆ ಬೇರೆ ತಾಲೂಕುಗಳಲ್ಲಿ, ಬೇರೆ ಬೇರೆ ಎದುರಾಳಿಗಳ ವಿರುದ್ಧ ಆಡಿದ ಹುಡುಗರನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ. ಆ ತೂಕ ತಪ್ಪಿದರೆ ಅರ್ಹ ಹುಡುಗನೊಬ್ಬ ಮನೆಯಲ್ಲಿಯೇ ಉಳಿಯುತ್ತಾನೆ.

ಅಂಕ ಯಾರದು?

ದಾಳಿಗಾರ ತರುವ ಅಂಕ ಅವನೊಬ್ಬನದೇ ಎಂದು ಭಾವಿಸುವುದು ಸರಿಯಲ್ಲ. ಮೊದಲನೆಯದಾಗಿ, ಔಟಾದ ದಾಳಿಗಾರ ಹೊರಗೆ ಕುಳಿತಿರಬೇಕು. ಸಹ ಆಟಗಾರರು ಅಂಕ ಗಳಿಸಿದಾಗಲೇ ಅವನಿಗೆ ಮರುಪ್ರವೇಶ. ಆದ್ದರಿಂದ ರಕ್ಷಣೆ ಗಟ್ಟಿಯಾಗಿರುವ ತಂಡದ ದಾಳಿಗಾರನಿಗೆ ಹೆಚ್ಚು ದಾಳಿಗಳು ದೊರೆಯುತ್ತವೆ. ಎರಡನೆಯದಾಗಿ, ಎದುರಾಳಿ ಅಂಗಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಅಂಕಕ್ಕೆ ಅವಕಾಶ. ಮೂರನೆಯದಾಗಿ, ಎದುರಿಗೆ ಹಿಡಿಯುವವರು ಅನನುಭವಿಗಳಾಗಿದ್ದರೆ ಸಾಮಾನ್ಯ ದಾಳಿಗಾರನೂ ಸೂಪರ್ ಟೆನ್ ದಾಖಲಿಸಬಲ್ಲ. ಹೀಗಾಗಿ ಅಂಕಪಟ್ಟಿಯಲ್ಲಿ ಕಾಣುವುದು ದಾಳಿಗಾರನ ಬಲ ಮತ್ತು ಎದುರಾಳಿಯ ದೌರ್ಬಲ್ಯ ಎರಡರ ಮೊತ್ತ.

ಎರಡು ವಲಯಗಳ ಪಾಠ

ಇದಕ್ಕೆ ಉತ್ತಮ ನಿದರ್ಶನ ಪ್ರೊ ಕಬಡ್ಡಿ ಲೀಗ್. 2017ರಲ್ಲಿ ತಂಡಗಳ ಸಂಖ್ಯೆ 12ಕ್ಕೆ ಏರಿದಾಗ ಅವುಗಳನ್ನು 'ಎ' ಮತ್ತು 'ಬಿ' ಎಂಬ ಎರಡು ವಲಯಗಳಾಗಿ ವಿಂಗಡಿಸಲಾಯಿತು. 2018ರಲ್ಲಿಯೂ ಅದೇ ಪದ್ಧತಿ ಮುಂದುವರಿಯಿತು. ಪ್ರತಿ ತಂಡದ 22 ಲೀಗ್ ಪಂದ್ಯಗಳಲ್ಲಿ 15 ಸ್ವಂತ ವಲಯದ ಐದು ತಂಡಗಳ ವಿರುದ್ಧವೇ ನಡೆದವು. ಹೊರವಲಯದ ವಿರುದ್ಧ ಆಡಿದ್ದು ಕೇವಲ 7.

ಹೆಸರಾಂತ ದಾಳಿಗಾರರು ಹೆಚ್ಚಾಗಿ 'ಬಿ' ವಲಯದಲ್ಲಿದ್ದರು. ಪಟ್ನಾದ ಪರ್ದೀಪ್ ನರ್ವಾಲ್, ತಮಿಳ್ ತಲೈವಾಸ್‌ನ ಅಜಯ್ ಠಾಕೂರ್, ತೆಲುಗು ಟೈಟನ್ಸ್‌ನ ರಾಹುಲ್ ಚೌಧರಿ, ಬೆಂಗಾಲ್‌ನ ಮಣೀಂದರ್ ಸಿಂಗ್, ಬೆಂಗಳೂರು ಬುಲ್ಸ್‌ನ ರೋಹಿತ್ ಕುಮಾರ್, 2018ರಲ್ಲಿ ಪವನ್ ಸೆಹ್ರಾವತ್. 'ಎ' ವಲಯ ಹಿಡಿತಗಾರರಿಗೆ ಹೆಸರಾಗಿತ್ತು. 2018ರಲ್ಲಿ ಯು ಮುಂಬಾದ ಫಜಲ್ ಅತ್ರಾಚಲಿ, ಗುಜರಾತ್‌ನ ಪರ್ವೇಶ್ ಭೈನ್ಸ್‌ವಾಲ್ ಹಾಗೂ ಸುನಿಲ್ ಕುಮಾರ್ ಅಲ್ಲಿದ್ದರು.

ಹಾಗಿದ್ದರೆ 'ಬಿ' ವಲಯದವರ ಅಂಕ ದುರ್ಬಲ ರಕ್ಷಣೆಯ ಫಲವೇ? ಹಾಗೆನ್ನಲು ಪುರಾವೆ ಸಾಲದು. 2018ರಲ್ಲಿ ಒಂದೇ ಆವೃತ್ತಿಯಲ್ಲಿ 100 ಟ್ಯಾಕಲ್ ಅಂಕ ಗಳಿಸಿದ ಮೊದಲ ಆಟಗಾರ ನಿತೇಶ್ ಕುಮಾರ್ 'ಬಿ' ವಲಯದ ಯುಪಿ ಯೋಧಾ ತಂಡದವರು. ಅಂತಿಮ ಪಂದ್ಯಗಳು ಇನ್ನೂ ಸ್ಪಷ್ಟ ಉತ್ತರ ನೀಡಿದವು. ಎರಡೂ ವರ್ಷ 'ಎ' ವಲಯದ ಅಗ್ರಸ್ಥಾನಿ ಗುಜರಾತ್ ಫೈನಲ್ ತಲುಪಿತು. ಎರಡೂ ವರ್ಷ 'ಬಿ' ವಲಯದ ಒಬ್ಬ ದಾಳಿಗಾರನ ಎದುರು ಕುಸಿಯಿತು. 2017ರಲ್ಲಿ ಪರ್ದೀಪ್ 19 ಅಂಕ ಗಳಿಸಿದರು. ಪಟ್ನಾ 55-38ರಿಂದ ಗೆದ್ದಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಪವನ್ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್‌ಗೆ 38-33ರ ಜಯ ಹಾಗೂ ಮೊದಲ ಪ್ರಶಸ್ತಿ ತಂದುಕೊಟ್ಟರು.

ಮೊತ್ತವಲ್ಲ, ಸರಾಸರಿ

2018ರ ಆವೃತ್ತಿಯಲ್ಲಿ ಪವನ್ 271 ದಾಳಿ ಅಂಕ ಗಳಿಸಿದರೆ ಪರ್ದೀಪ್ 233, 'ಎ' ವಲಯದ ಯು ಮುಂಬಾ ಪರ ಸಿದ್ಧಾರ್ಥ ದೇಸಾಯಿ 218 ಗಳಿಸಿದರು. ಆದರೆ ಪವನ್ ಆಡಿದ್ದು 24 ಪಂದ್ಯ, ಉಳಿದಿಬ್ಬರು 21. ಪಂದ್ಯವೊಂದರ ಸರಾಸರಿ ಕ್ರಮವಾಗಿ 11.3, 11.1 ಮತ್ತು 10.4. ಮೊತ್ತದಲ್ಲಿ ದೊಡ್ಡದಾಗಿ ಕಂಡ ಅಂತರ ಇಲ್ಲಿ ಬಹುಮಟ್ಟಿಗೆ ಕರಗುತ್ತದೆ.

2019ರಲ್ಲಿ ವಲಯಗಳು ರದ್ದಾಗಿ ಪ್ರತಿ ತಂಡವೂ ಉಳಿದೆಲ್ಲ ತಂಡಗಳನ್ನು ಎರಡು ಬಾರಿ ಎದುರಿಸಿತು. ಆಗ ಪವನ್ 346 ಮತ್ತು ಪರ್ದೀಪ್ 302 ಅಂಕಗಳೊಂದಿಗೆ ಮೊದಲೆರಡು ಸ್ಥಾನ ಉಳಿಸಿಕೊಂಡರು. ಹಿಂದೆ 'ಎ' ವಲಯದಲ್ಲಿದ್ದ ದೆಹಲಿಯ ಯುವಕ ನವೀನ್ ಕುಮಾರ್ 301 ಅಂಕ ಗಳಿಸಿ ಅವರ ಬೆನ್ನಿಗೇ ನಿಂತರು. ಬೆಳಗಾವಿ ಗಡಿಗೆ ಹೊಂದಿಕೊಂಡ ಚಂದಗಡ ತಾಲೂಕಿನ ಸಿದ್ಧಾರ್ಥ ತೆಲುಗು ಟೈಟನ್ಸ್ ಸೇರಿ 217 ಅಂಕ ಗಳಿಸಿದರು. ಹಿಂದಿನ ವರ್ಷಕ್ಕಿಂತ ಒಂದೇ ಒಂದು ಕಡಿಮೆ! 'ಬಿ' ವಲಯದ ಅಗ್ರರ ಬಲ ನಿಜವಾದದ್ದು, 'ಎ' ವಲಯದ ಪ್ರತಿಭೆಯೂ ಪೊಳ್ಳಲ್ಲ ಎಂಬುದು ಎಲ್ಲರೂ ಎಲ್ಲರೊಂದಿಗೆ ಸೆಣಸಿದಾಗಲೇ ಖಚಿತವಾಯಿತು.

ತಾಲೂಕು ಮಟ್ಟದಲ್ಲಿ ಏನು ಮಾಡಬಹುದು?

ನಮ್ಮ ನಾಲ್ಕು ತಾಲೂಕುಗಳ ವಾದಕ್ಕೂ ಇದೇ ಸೂತ್ರ ಅನ್ವಯಿಸುತ್ತದೆ. ಹುಡುಗ ತಂದ ಒಟ್ಟು ಅಂಕದ ಜತೆಗೆ ಅವನು ಆಡಿದ ಪಂದ್ಯಗಳೆಷ್ಟು, ಮಾಡಿದ ದಾಳಿಗಳೆಷ್ಟು ಎಂಬುದನ್ನೂ ಬರೆದಿಡಬೇಕು. ಏಕಪಕ್ಷೀಯ ಪಂದ್ಯದಲ್ಲಿ ಗಳಿಸಿದ ಹತ್ತು ಅಂಕಕ್ಕಿಂತ, ಸಮಬಲದ ಪಂದ್ಯದ ಕೊನೆಯ ನಿಮಿಷಗಳಲ್ಲಿ ತಂದ ಎರಡು ಅಂಕಕ್ಕೆ ಹೆಚ್ಚು ಬೆಲೆ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಯ್ಕೆಯ ದಿನ ಎಲ್ಲ ತಾಲೂಕುಗಳ ದಾಳಿಗಾರರನ್ನೂ ಒಂದೇ ರಕ್ಷಣಾ ತಂಡದ ಎದುರು, ಸಮಾನ ಸಂಖ್ಯೆಯ ದಾಳಿಗಳಿಗೆ ಇಳಿಸಿ ನೋಡಬೇಕು. ಇದಕ್ಕೆ ಯಂತ್ರೋಪಕರಣ ಬೇಕಿಲ್ಲ. ಒಂದು ನೋಟ್‌ಪುಸ್ತಕ, ಏಳು ಒಳ್ಳೆಯ ಹಿಡಿತಗಾರರು ಸಾಕು.

ಬಲಿಷ್ಠ ಹಿಡಿತಗಾರರಿರುವ ತಾಲೂಕಿನಲ್ಲಿ ಬೆಳೆದ ಹುಡುಗನ ಹೆಸರಿನ ಮುಂದೆ ಅಂಕ ಕಡಿಮೆ ಇರುವುದು ಸಹಜ. ಪಟ್ಟಿಯನ್ನಷ್ಟೇ ನೋಡಿ ಅವನನ್ನು ಕೈಬಿಟ್ಟರೆ ನಷ್ಟ ಅವನೊಬ್ಬನದಲ್ಲ, ಇಡೀ ಜಿಲ್ಲಾ ತಂಡದ್ದು.